ಫಿನಾಯಿಲ್ ದೊಡ್ಡಮ್ಮ

ಆ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಬಾಗಿಲು ತೆರೆದ ಕೂಡಲೇ ನಿಂಬೆ ಪರಿಮಳದ ಫಿನಾಯಿಲ್ ವಾಸನೆ ಮೂಗಿಗೆ ಅಡರಿದರೆ ದೊಡ್ಡಮ್ಮ ಈಗಷ್ಟೇ ಇಳಿದು ಹೋಗಿದ್ದಾರೆ ಎಂದು ತಿಳಿಯಬೇಕು. ಅವರು ನಿಜಕ್ಕೂ ದೊಡ್ಡಮ್ಮ ಆಗಬೇಕಾದದ್ದು ಒಬ್ಬನಿಗೆ ಮಾತ್ರ, ನೆಲಮಾಳಿಗೆಯಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ ನೋಡಿಕೊಳ್ಳುತ್ತಿದ್ದ ತಂಗಿಯ ಮಗನಿಗೆ. ಅವನು ಕರೆಯುವುದನ್ನು ಕೇಳಿ ವಾಚ್‌ಮನ್ ಕರೆದ, ವಾಚ್‌ಮನ್ ಕರೆಯುವುದನ್ನು ಕೇಳಿ ಹಾಲಿನವನು ಕರೆದ, ಕೊನೆಗೆ ಅವರಿಗಿಂತ ವಯಸ್ಸಾದವರೂ ದೊಡ್ಡಮ್ಮ ಎನ್ನತೊಡಗಿದರು. ಅದಕ್ಕೆ ಫಿನಾಯಿಲ್ ಎಂಬ ಬಿರುದನ್ನು ಯಾರು ಸೇರಿಸಿದರೋ ಗೊತ್ತಿಲ್ಲ. ಅದು ಕಿವಿಗೆ ಬಿದ್ದಾಗ ದೊಡ್ಡಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಸೋಮಾರಿಗಳಿಗೆ ಇಂಥ ಹೆಸರು ಯಾರೂ ಇಡುವುದಿಲ್ಲ ಎಂದು ಗಂಡನ ಮುಂದೆ ಹೆಮ್ಮೆಯಿಂದಲೇ ಹೇಳಿಕೊಂಡರು.

ದೊಡ್ಡಮ್ಮ ಹುಟ್ಟುವಾಗಲೇ ಕೈಯಲ್ಲಿ ಪೊರಕೆ ಹಿಡಿದು ಬಂದವರಲ್ಲ. ತವರಿನಲ್ಲಿ ಉಂಡ ತಟ್ಟೆಯನ್ನು ಉಂಡಲ್ಲೇ, ಬಿಚ್ಚಿದ ಬಟ್ಟೆಯನ್ನು ಬಿಚ್ಚಿದಲ್ಲೇ ಬಿಡುತ್ತಿದ್ದ ಹುಡುಗಿ ಎಂದು ಅವರ ತಂಗಿ ಇವತ್ತಿಗೂ ಹೇಳುತ್ತಾಳೆ. ಮದುವೆಯಾಗಿ ಬಂದ ಮನೆಯ ಅತ್ತೆ ಯಾರನ್ನೂ ಬಾಯಿಬಿಟ್ಟು ಹೊಗಳಿದವರಲ್ಲ. ಸೊಸೆ ಮಾಡಿದ ಅಡುಗೆಗೆ ಮೂಗು ಮುರಿದರು, ಉಟ್ಟ ಬಟ್ಟೆಗೆ ಮುಖ ಸಿಂಡರಿಸಿದರು, ಹಾಕಿದ ಹೊಲಿಗೆಯನ್ನು ಬಿಚ್ಚಿಸಿ ಮತ್ತೆ ಹಾಕಿಸಿದರು. ಒಂದು ಸಲ ಮಾತ್ರ, ನೆಂಟರ ಎದುರು ಏನಾದರೂ ಹೇಳಲೇಬೇಕಾಗಿ ಬಂದು, "ಏನೋ, ಪರವಾಗಿಲ್ಲ, ಬಚ್ಚಲು ಚೆನ್ನಾಗಿ ತಿಕ್ತಾಳೆ" ಎಂದುಬಿಟ್ಟರು. ಅಷ್ಟೇ ಸಾಕಾಯಿತು. ಆ ಒಂದು ಮಾತಿನ ಮೇಲೆ ದೊಡ್ಡಮ್ಮ ತಮ್ಮ ಇಡೀ ಬದುಕು ಕಟ್ಟಿದರು. ಆ ಮಹಾತಾಯಿ ಅಂದು "ಚೆನ್ನಾಗಿ ಹಾಡ್ತಾಳೆ" ಎಂದಿದ್ದರೆ ಅಕ್ಕಪಕ್ಕದವರ ಕಿವಿಗಷ್ಟೇ ತೊಂದರೆಯಾಗುತ್ತಿತ್ತು, ನೆಲಮಾಳಿಗೆಯ ಕೋಟ್ಯಂತರ ಜೀವಗಳು ಬದುಕಿಕೊಳ್ಳುತ್ತಿದ್ದವು.

ಅತ್ತೆ ಹೋದ ಮೇಲೆ ದೊಡ್ಡಮ್ಮನ ಕೈಗೆ ಪೂರ್ತಿ ಅಧಿಕಾರ ಬಂತು. ಸಿಂಕಿಗೊಂದು ದ್ರಾವಣ, ಕಮೋಡಿಗೊಂದು ನೀಲಿ ಬಿಲ್ಲೆ, ಟೈಲ್ಸಿಗೆ ಆಸಿಡ್, ಅಡುಗೆಮನೆಯ ಕಟ್ಟೆಗೆ ಬ್ಲೀಚಿಂಗ್ ಪುಡಿ, ನೆಲಕ್ಕೆ ಫಿನಾಯಿಲ್, ಫಿನಾಯಿಲಿನ ಕಲೆಗೆ ಇನ್ನೊಂದು ಪುಡಿ. ಔಷಧಿ ಅಂಗಡಿಯಲ್ಲೂ ಅಷ್ಟು ಸೀಸೆಗಳು ಇರಲಿಕ್ಕಿಲ್ಲ. ಕೊಳವೆಯೊಳಗೆ ಇಳಿದು ಕಣ್ಮರೆಯಾದದ್ದು ಜಗತ್ತಿನಿಂದಲೇ ಹೋಯಿತು ಎಂಬುದು ಅವರ ನಂಬಿಕೆ. ಹಾಗಾಗಿ ಅವಧಿ ಮೀರಿದ ಮಾತ್ರೆ, ಗೋಡೆಗೆ ಬಳಿದು ಉಳಿದ ಬಣ್ಣ, ಬ್ರಷ್ ತೊಳೆದ ಟರ್ಪೆಂಟೈನ್, ಹಳೇ ಜಿರಲೆ ಔಷಧಿ, ಎಲ್ಲಕ್ಕೂ ಬಚ್ಚಲ ತೂತೇ ದಾರಿ. ಪಾರ್ಸೆಲ್ ಕಚೇರಿಯಿಂದ ನಿವೃತ್ತರಾಗಿದ್ದ ಯಜಮಾನರು ಹೊರಗಿನಿಂದ ಬಂದರೆ ಚಪ್ಪಲಿಯೊಂದಿಗೆ ಕಾಲನ್ನೂ ಬಕೆಟ್ಟಿಗೆ ಇಳಿಸಬೇಕಿತ್ತು. ಅವರು ಮಾತು ಕಡಿಮೆ ಮಾಡಿದ್ದರು. ಬಾಯಿಬಿಟ್ಟರೆ ನೆಲಕ್ಕೆ ಏನಾದರೂ ಬಿದ್ದೀತು ಎಂಬ ಹೆದರಿಕೆಯೋ ಏನೋ.

ಇಷ್ಟೊಂದು ಅರ್ಹತೆ ಇರುವವರನ್ನು ಜನ ಸುಮ್ಮನೆ ಬಿಡುತ್ತಾರೆಯೇ? ಅಪಾರ್ಟ್‌ಮೆಂಟಿನ ಸಂಘದವರು ದೊಡ್ಡಮ್ಮನನ್ನು ಸ್ವಚ್ಛತಾ ಸಮಿತಿಯ ಅಧ್ಯಕ್ಷೆ ಮಾಡಿದರು. ಆ ಕುರ್ಚಿಯ ಬಲದಿಂದಲೇ ಅವರು ತಂಗಿಯ ಮಗನನ್ನು ನೆಲಮಾಳಿಗೆಯ ಕೆಲಸಕ್ಕೆ ಸೇರಿಸಿದ್ದು. ಅವನು ಅದಕ್ಕೆ ಮೊದಲು ಮೋಟಾರ್ ರಿಪೇರಿ ಅಂಗಡಿಯಲ್ಲಿದ್ದ. ನೆಟ್ಟಗೆ ಕೆಲಸ ಮಾಡುತ್ತಿದ್ದ, ಆದರೆ ಮಧ್ಯೆ ಮಧ್ಯೆ ಒಂದು ನಿದ್ದೆ ತೆಗೆಯುವ ಅಭ್ಯಾಸವೂ ಇತ್ತು. ಇಲ್ಲಿ ಕೆಲಸದ ಜೊತೆಗೆ ಪಂಪ್ ಕೋಣೆಗೆ ಅಂಟಿಕೊಂಡ ಒಂದು ರೂಮು, ಒಂದು ಅಡುಗೆಮನೆ ಸಿಕ್ಕಿತ್ತು. ಹೆಂಡತಿ, ಆಗತಾನೇ ಶಾಲೆಗೆ ಸೇರಿದ ಮಗಳು, ಅವನು ಮೂವರೂ ಅಲ್ಲೇ ಇದ್ದರು. ಕೆಲಸ ಹೋದರೆ ತಲೆಯ ಮೇಲಿನ ಸೂರೂ ಹೋಗುತ್ತಿತ್ತು. ಇದನ್ನು ದೊಡ್ಡಮ್ಮ ಅವನಿಗೆ ಸಿಕ್ಕಾಗಲೆಲ್ಲ ನೆನಪಿಸುತ್ತಿದ್ದರು. ಉಪಕಾರ ಮಾಡಿದವರು ಅದನ್ನು ಆಗಾಗ ಒರೆಸಿ ಹೊಳಪು ಕೊಡಬೇಕಲ್ಲ.

ಆ ತಂಗಿಯ ಮಗ ಒಂದು ದಿನ ಲಿಫ್ಟಿನೊಳಗೆ ಒಂದು ಕಾಗದ ಅಂಟಿಸಿದ. ಆಸಿಡ್, ಬ್ಲೀಚಿಂಗ್ ಪುಡಿ, ಫಿನಾಯಿಲ್ ಜಾಸ್ತಿ ಸುರಿಯಬೇಡಿ, ಹಳೇ ಮಾತ್ರೆ, ಬಣ್ಣ, ಕರಿದ ಎಣ್ಣೆ ಸಿಂಕಿಗೆ ಹಾಕಬೇಡಿ, ಘಟಕಕ್ಕೆ ತೊಂದರೆಯಾಗುತ್ತದೆ ಎಂದು ಬರೆದಿದ್ದ. ಓದಿದ ದೊಡ್ಡಮ್ಮನಿಗೆ ಮೈ ಉರಿದುಹೋಯಿತು. ಸ್ವಚ್ಛತಾ ಸಮಿತಿ ಇರುವ ಕಟ್ಟಡದಲ್ಲಿ ಸ್ವಚ್ಛ ಮಾಡಬೇಡಿ ಎಂದು ಚೀಟಿ. ಅದೂ ಯಾರಿಂದ, ಇವರ ಕೃಪೆಯಿಂದ ಅನ್ನ ತಿನ್ನುತ್ತಿರುವವನಿಂದ. ಒದ್ದೆ ಬಟ್ಟೆಯಿಂದ ಕಾಗದವನ್ನು ಒರೆಸಿ ತೆಗೆದು, ಅಂಟಿನ ಕಲೆಯನ್ನು ಟರ್ಪೆಂಟೈನ್ ಹಾಕಿ ಉಜ್ಜಿ, ಕೈ ತೊಳೆದುಕೊಂಡು ಅವನ ಬೆನ್ನು ಹತ್ತಿ ನೆಲಮಾಳಿಗೆಗೆ ಇಳಿದರು.

ಅಲ್ಲಿ ಅವರು ಕಾಲಿಟ್ಟದ್ದು ಅದೇ ಮೊದಲು. ಸಮಿತಿಯ ಅಧ್ಯಕ್ಷೆಯಾಗಿ ಅಷ್ಟು ವರ್ಷವಾಗಿದ್ದರೂ ಕೊಳಕು ಇರುವ ಕಡೆ ಹೋಗುವ ಪ್ರಸಂಗ ಬಂದಿರಲಿಲ್ಲ. ದೊಡ್ಡ ಕಾಂಕ್ರೀಟ್ ತೊಟ್ಟಿಯಲ್ಲಿ ಕಂದು ಬಣ್ಣದ ನೀರು ಬುಳಬುಳನೆ ಉಕ್ಕುತ್ತಿತ್ತು. ಮೂಗಿಗೆ ಸೆರಗು ಹಿಡಿದು ದೊಡ್ಡಮ್ಮ ಕೇಳಿದರು.

"ಇದ್ಯಾಕೋ ಹಿಂಗೆ ಕುದೀತಿದೆ?"

"ಕುದೀತಿಲ್ಲ ದೊಡ್ಡಮ್ಮ, ಗಾಳಿ ಊದ್ತಿದ್ದೀವಿ. ಒಳಗಿರೋ ಹುಡುಗರಿಗೆ ಉಸಿರು ಬೇಕಲ್ಲ."

"ಯಾವ ಹುಡುಗರೋ?"

"ಕಣ್ಣಿಗೆ ಕಾಣಲ್ಲ. ಸಣ್ಣ ಸಣ್ಣ ಜೀವಗಳು. ಮೇಲಿಂದ ಬರೋ ಹೊಲಸನ್ನೆಲ್ಲ ಅವೇ ತಿನ್ನೋದು. ತಿಂದು ಗುಂಪು ಕಟ್ಕೊಂಡು ಪಕ್ಕದ ತೊಟ್ಟೀಲಿ ತಳಕ್ಕೆ ಕೂತ್ಕೋತವೆ. ಮೇಲೆ ನಿಂತ ತಿಳಿನೀರನ್ನ ಮರಳಲ್ಲಿ, ಇದ್ದಿಲಲ್ಲಿ ಸೋಸಿ ಫ್ಲಶ್ಶಿಗೆ, ಗಿಡಕ್ಕೆ ಬಿಡ್ತೀವಿ. ಮಿಕ್ಕಿದ್ದು ಹಿಂದಿನ ಕೆರೆಗೆ ಹೋಗುತ್ತೆ."

"ಕ್ರಿಮಿ ಅನ್ನು."

"ಕ್ರಿಮಿ ಅಂತಲೇ ಅನ್ಕೊಳ್ಳಿ. ಒಳ್ಳೇ ಕ್ರಿಮಿ. ಮೇಲಿಂದ ಆಸಿಡ್, ಬ್ಲೀಚ್ ಜಾಸ್ತಿ ಬಂದ್ರೆ ಸತ್ತೋಗ್ತವೆ, ಅದಕ್ಕೇ ಚೀಟಿ ಅಂಟಿಸಿದ್ದು. ಬಣ್ಣ, ಮಾತ್ರೆ ಇಂಥವು ಬಂದ್ರೆ ತಿನ್ನೋಕೂ ಆಗಲ್ಲ ಅವಕ್ಕೆ, ಹಂಗೇ ನೀರಿನ ಜೊತೆ ಹೋಗ್ಬಿಡ್ತವೆ."

ಒಳ್ಳೇ ಕ್ರಿಮಿ ಎಂಬುದು ದೊಡ್ಡಮ್ಮನ ಕಿವಿಗೆ ಒಳ್ಳೇ ಕಳ್ಳ ಎಂದಂತೆ ಕೇಳಿತು. ಜೀವಮಾನವೆಲ್ಲ ತಾವು ಯಾವುದರ ಮೇಲೆ ಯುದ್ಧ ಸಾರಿದ್ದರೋ ಅದನ್ನೇ ತಮ್ಮ ಮನೆಯ ಕೆಳಗೆ, ತಮ್ಮ ತಂಗಿಯ ಮಗನೇ, ಸಂಘದ ಕರೆಂಟಿನಲ್ಲಿ ಗಾಳಿ ಬೀಸಿ ಸಾಕುತ್ತಿದ್ದಾನೆ. ತಿರುಗಿ ಹೊರಟವರು, ಮೂಲೆಯಲ್ಲಿದ್ದ ನೀಲಿ ಡಬ್ಬ ನೋಡಿ ನಿಂತರು. ಅದರ ವಾಸನೆ ಅವರಿಗೆ ತವರಿನ ವಾಸನೆಯಷ್ಟೇ ಪರಿಚಿತ.

"ಅದೇನು?"

"ಕ್ಲೋರಿನ್ನು. ಕೊನೇಲಿ, ಸೋಸಿದ ನೀರಿಗೆ ಒಂದು ಚೂರು ಹಾಕ್ತೀವಿ."

"ಅಂತೂ ಕೊನೆಗೆ ಅದನ್ನೇ ಹಾಕ್ತೀರಿ."

"ಚೂರೇ ಚೂರು ದೊಡ್ಡಮ್ಮ."

ದೊಡ್ಡಮ್ಮ ಮೆಟ್ಟಿಲು ಹತ್ತಿದರು. ಅವರ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತ್ತು. ಕೊನೆಗೆ ಚೂರು ಹಾಕಿ ಶುದ್ಧವಾಗುವ ನೀರಿಗೆ ಮೊದಲೇ ಜಾಸ್ತಿ ಹಾಕಿಬಿಟ್ಟರೆ ಈ ಊದುವುದು, ಸೋಸುವುದು, ಕ್ರಿಮಿ ಸಾಕುವುದು ಯಾವುದೂ ಬೇಕಿಲ್ಲವಲ್ಲ. ಇಂಜಿನಿಯರುಗಳ ತಲೆಗೆ ಇಷ್ಟು ಸಣ್ಣ ವಿಷಯ ಯಾಕೆ ಹೊಳೆಯಲಿಲ್ಲ ಎಂದು ಅವರಿಗೆ ಆಶ್ಚರ್ಯ. ಹೊಳೆಯುವುದು ಹೇಗೆ, ಒಬ್ಬರಾದರೂ ಬಚ್ಚಲು ತಿಕ್ಕಿದವರೇ?

ಅದೇ ಹೊತ್ತಿಗೆ ಮಾಲಿನ್ಯ ನಿಯಂತ್ರಣದ ಅಧಿಕಾರಿ ತಪಾಸಣೆಗೆ ಬರುವ ಸುದ್ದಿ ಬಂತು. ಹಿಂದಿನ ವರ್ಷ ಅಪಾರ್ಟ್‌ಮೆಂಟಿನ ನೀರು ಹೇಗೋ ಏಗಿಕೊಂಡು ಪಾಸಾಗಿತ್ತು. ಗಂಟಲಲ್ಲೇ ಮೈಕು ಇಟ್ಟುಕೊಂಡು ಹುಟ್ಟಿದ ಸಂಘದ ಕಾರ್ಯದರ್ಶಿ ಎಲ್ಲರ ಎದುರಿಗೆ ಘೋಷಿಸಿದರು. "ಈ ಸಲ ನೀರು ಫೇಲಾದ್ರೆ ಪಂಪಿನವನನ್ನ ಕಳಿಸಿಬಿಡೋದೇ. ದೊಡ್ಡಮ್ಮ, ನಿಮ್ಮವನು ಅಂತ ನಾವು ಸುಮ್ನಿರೋಕೆ ಆಗಲ್ಲ." ದೊಡ್ಡಮ್ಮನ ಎದೆ ಧಸಕ್ ಎಂದಿತು. ಅವರನ್ನು ಎಷ್ಟೇ ಆಡಿಕೊಂಡರೂ ಇದನ್ನು ಹೇಳದೆ ಇರಬಾರದು, ತಂಗಿಯ ಮಗನೆಂದರೆ ಅವರಿಗೆ ಜೀವ. ಸ್ವಂತ ಮಕ್ಕಳಿಲ್ಲದ ಮನೆಯಲ್ಲಿ ಅವನು ಓಡಾಡಿಕೊಂಡು ಬೆಳೆದವನು. ಅವನ ಕೆಲಸ ಉಳಿಸಲೇಬೇಕು ಎಂದು ಅವರು ಆ ದಿನವೇ ತೀರ್ಮಾನ ಮಾಡಿದರು. ಉಳಿಸುವ ವಿದ್ಯೆ ತಮ್ಮ ಅಲಮಾರಿನಲ್ಲೇ ಇತ್ತಲ್ಲ.

ತಪಾಸಣೆಯ ಹಿಂದಿನ ಮಧ್ಯಾಹ್ನ ತಂಗಿಯ ಮಗ ಊಟಕ್ಕೆಂದು ರೂಮಿಗೆ ಹೋದ. ಊಟದ ಹಿಂದೆ ನಿದ್ದೆ ಇರುತ್ತದೆ ಎಂದು ದೊಡ್ಡಮ್ಮನಿಗೆ ಗೊತ್ತು. ಯಜಮಾನರ ಹೆಗಲ ಮೇಲೆ ಬ್ಲೀಚಿಂಗ್ ಪುಡಿಯ ಮೂಟೆ ಹೊರಿಸಿ, ತಾವು ಎರಡೂ ಕೈಯಲ್ಲಿ ಫಿನಾಯಿಲ್ ಕ್ಯಾನು ಹಿಡಿದು, ಲಿಫ್ಟಿನಲ್ಲಿ ಕೆಳಗಿಳಿದರು. ಯಜಮಾನರು ಅಪರೂಪಕ್ಕೆ ಬಾಯಿ ತೆರೆದರು.

"ಅವನನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತು."

"ಅವನಿಗೋಸ್ಕರ ಅಲ್ವೇನ್ರೀ ಮಾಡ್ತಿರೋದು? ಸುರೀರಿ."

ಯಜಮಾನರು ಸುರಿದರು. ಮೂಟೆ ಸಾಲದೆಂದು ಮತ್ತೊಮ್ಮೆ ಮೇಲೆ ಹೋಗಿ ಇನ್ನೊಂದನ್ನು ತಂದು ಸುರಿದರು. ಕ್ಯಾನುಗಳು ಖಾಲಿಯಾದವು. ತೊಟ್ಟಿಯ ಕಂದು ಬಣ್ಣ ತಿಳಿಯಾಗುತ್ತಾ ಬೆಳ್ಳಗಾದಂತೆ ಕಂಡಾಗ ದೊಡ್ಡಮ್ಮನಿಗೆ ಕಣ್ಣು ತುಂಬಿ ಬಂತು. ಅಷ್ಟು ವರ್ಷದ ಕೊಳಕನ್ನು ಒಂದೇ ಮಧ್ಯಾಹ್ನದಲ್ಲಿ ತೊಳೆದಿದ್ದರು. ಮೇಲೆ ಬಂದು ಸ್ನಾನ ಮಾಡಿ, ಹಗುರಾಗಿ ಮಲಗಿದರು.

ಮರುದಿನ ಬೆಳಿಗ್ಗೆ ತೊಟ್ಟಿ ನೊರೆ ಕಾರಿತ್ತು. ಗಾಳಿ ಊದಿದಷ್ಟೂ ಬಿಳೀ ನೊರೆ ಉಬ್ಬಿ, ತೊಟ್ಟಿಯ ಅಂಚು ದಾಟಿ, ಮೆಟ್ಟಿಲು ಹತ್ತಿ, ಕಾರು ನಿಲ್ಲಿಸುವ ಜಾಗಕ್ಕೆ ಬಂದು ಕೂತಿತ್ತು. ತೊಟ್ಟಿಯ ತುಂಬ ಸತ್ತ ಹುಡುಗರು ಬೂದು ಬಣ್ಣದ ಕೆನೆಯಾಗಿ ತೇಲುತ್ತಿದ್ದರು. ಹೊಲಸು ತಿನ್ನುವವರೇ ಇಲ್ಲದ ಮೇಲೆ ಹೊಲಸು ಎಲ್ಲಿಗೆ ಹೋಗಬೇಕು? ಬಂದ ದಾರಿ ಹಿಡಿದು ಮನೆಗಳಿಗೇ ವಾಪಸು ಬಂತು. ಮರಳು, ಇದ್ದಿಲು ಎರಡೂ ಕಟ್ಟಿಕೊಂಡು, ಸೋಸದ ನೀರೇ ಫ್ಲಶ್ಶಿನ ಟ್ಯಾಂಕಿಗೆ ಏರಿತು. ಬೆಳಿಗ್ಗೆ ಎದ್ದು ಯಾರು ಫ್ಲಶ್ ಒತ್ತಿದರೂ ನಾರುವ ಕಪ್ಪು ನೀರು. ಬೆಳ್ಳಕ್ಕಿಯ ರೆಕ್ಕೆಯಷ್ಟು ಬೆಳ್ಳಗಿದ್ದ ದೊಡ್ಡಮ್ಮನ ಕಮೋಡಿಗೂ ಅದೇ ನೀರು ನುಗ್ಗಿತು. ಕ್ರಿಮಿಗಳು ಇನ್ನೂ ಪೂರ್ತಿ ಸತ್ತಿಲ್ಲ, ಔಷಧಿ ಸಾಲದೆ ಹೋಯಿತು ಎಂದೇ ಅವರು ಮೊದಲು ತಿಳಿದರು.

ಅಧಿಕಾರಿ ಬಂದರು. ಸೀಸೆಗಳಲ್ಲಿ ನೀರು ತುಂಬಿಕೊಂಡರು. ಹಿಂದಿನ ಗೋಡೆಯಿಂದ ಇಣುಕಿ ಕೆರೆಯ ಅಂಚಿಗೆ ಸೇರಿದ್ದ ನೊರೆ ನೋಡಿದರು, ನೊರೆಯಲ್ಲಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದ ಮೀನನ್ನೂ ನೋಡಿದರು. ದಂಡ ಹಾಕುತ್ತೇವೆ, ಘಟಕ ಸರಿಯಾಗುವ ತನಕ ಒಂದು ತೊಟ್ಟು ನೀರೂ ಹೊರಗೆ ಬಿಡಕೂಡದು ಎಂದು ಹೇಳಿ ಕರ್ಚೀಫು ಮೂಗಿಗೆ ಒತ್ತಿಕೊಂಡು ಹೊರಟುಹೋದರು. ಕಾರ್ಯದರ್ಶಿ ಅಂದು ಸಂಜೆಯೇ ಸಭೆ ಕರೆದರು.

ಸಭೆಗೆ ಮುಂಚೆ ತಂಗಿಯ ಮಗ ದೊಡ್ಡಮ್ಮನ ಮನೆಯ ಬಾಗಿಲಿಗೆ ಬಂದ. ಬಟ್ಟೆಯೆಲ್ಲ ರಾಡಿಯಾಗಿತ್ತು, ಒಳಗೆ ಬರುವ ಧೈರ್ಯ ಮಾಡಲಿಲ್ಲ.

"ಯಾರೋ ಬ್ಲೀಚ್ ಸುರಿದಿದ್ದಾರೆ ದೊಡ್ಡಮ್ಮ. ಒಂದೂ ಉಳಿದಿಲ್ಲ."

"ಯಾರು ಸುರೀತಾರೋ ಅಲ್ಲಿಗೆ ಬಂದು?"

ಅವನು ಅಂಗೈಯ ರಾಡಿಯನ್ನು ಅಂಗಿಗೆ ಒರೆಸಿಕೊಂಡ. "ಗೊತ್ತಿಲ್ಲ. ತೊಟ್ಟಿ ಹತ್ರ ನಿಂತ್ರೆ ನಿಂಬೆಹಣ್ಣಿನ ವಾಸನೆ ಬರ್ತಿದೆ, ನಿಮ್ಮ ಮನೆ ಥರ" ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ದೊಡ್ಡಮ್ಮ ಎಗರಿಬಿದ್ದು ಗೆದ್ದುಬಿಡುತ್ತಿದ್ದರು. ಅವನು ಸಭೆಗೆ ಬರುತ್ತೀರಲ್ಲ ಎಂದು ಕೇಳಿ ಮೆಟ್ಟಿಲಿಳಿದು ಹೋದ. ದೊಡ್ಡಮ್ಮನಿಗೆ ಆಗ ಅರ್ಥವಾಯಿತು. ಅವನ ಸೂರು ಉಳಿಯುವುದು ಈಗ ಒಂದೇ ಒಂದು ಮಾತಿನಿಂದ, ಆ ಮಾತು ತಮ್ಮ ಬಾಯಿಂದಲೇ ಬರಬೇಕು.

ಸಭಾಂಗಣದಲ್ಲಿ ಟೇಬಲ್ ಟೆನ್ನಿಸ್ ಮೇಜನ್ನು ಗೋಡೆಗೆ ಸರಿಸಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಬೆಳಿಗ್ಗೆಯಿಂದ ಫ್ಲಶ್ ಒತ್ತಲು ಹೆದರಿ ಕೂತ ಜನ ಎಷ್ಟು ಸಮಾಧಾನದಲ್ಲಿರಬಹುದೋ ಅಷ್ಟು ಸಮಾಧಾನದಲ್ಲಿ ಎಲ್ಲರೂ ಇದ್ದರು. ಕಾರ್ಯದರ್ಶಿ ಪಂಪಿನವನನ್ನು ಮಧ್ಯದಲ್ಲಿ ನಿಲ್ಲಿಸಿಕೊಂಡು ಚಳಿ ಬಿಡಿಸತೊಡಗಿದರು.

"ಬ್ಲೀಚ್ ಬಿದ್ದಿದೆ ಸಾರ್, ಅದಕ್ಕೇ ಸತ್ತಿರೋದು."

"ಯಾರಯ್ಯ ಹಾಕಿದ್ದು?"

ಅವನು ದೊಡ್ಡಮ್ಮನ ಕಡೆ ನೋಡಲೇ ಇಲ್ಲ. ತನ್ನ ಕಾಲ ಹೆಬ್ಬೆರಳನ್ನೇ ನೋಡುತ್ತಾ, "ಗೊತ್ತಿಲ್ಲ ಸಾರ್. ಬೀಗ ಹಾಕ್ದೆ ಊಟಕ್ಕೆ ಹೋಗಿದ್ದೆ. ತಪ್ಪು ನನ್ನದೇ" ಎಂದ.

ದೊಡ್ಡಮ್ಮ ಎದ್ದು ನಿಂತರು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಇದು ಸತ್ಯ. "ನಾನೊಂದು ಮಾತು ಹೇಳ್ಬೇಕು" ಎಂದೂ ಅಂದರು. ಹಿಂದಿನ ಸಾಲಿನಲ್ಲಿದ್ದ ಯಜಮಾನರು ತಲೆ ಎತ್ತಿದರು. ಇನ್ನು ಎರಡು ಉಸಿರಿನಷ್ಟು ಹೊತ್ತು ಕಾರ್ಯದರ್ಶಿ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಬೇರೆಯಾಗುತ್ತಿತ್ತು. ಆದರೆ ಮೈಕನ್ನು ಗಂಟಲಲ್ಲಿ ನುಂಗಿದವರು ಎರಡು ಉಸಿರು ಸುಮ್ಮನಿರುವುದುಂಟೇ?

"ದೊಡ್ಡಮ್ಮ, ನಿಮ್ಮ ಸಂಕಟ ನಮಗೆ ಅರ್ಥ ಆಗುತ್ತೆ. ಸ್ವಂತ ತಂಗಿ ಮಗ. ಬೇರೆ ಯಾರಾದ್ರೂ ಆಗಿದ್ರೆ ಅವನ ಪರ ಮಾತಾಡ್ತಿದ್ರು. ಆದರೆ ಈ ಕಟ್ಟಡದಲ್ಲಿ ಮುಲಾಜಿಲ್ಲದ ಮನುಷ್ಯರು ಅಂದ್ರೆ ನೀವೊಬ್ಬರೇ. ನೀವು ಹೇಳಿದ್ದೇ ಆಗಲಿ."

ಎಲ್ಲರೂ ಹೌದು ಹೌದು ಎಂದರು. ಅಷ್ಟು ಜನ, ಒಟ್ಟಿಗೆ, ತಮ್ಮ ಕಡೆ ತಿರುಗಿ. ದೊಡ್ಡಮ್ಮ ಗಂಟಲು ಸರಿಮಾಡಿಕೊಂಡರು. ಹೊರಗೆ ಬಂದ ಮಾತು ಅವರು ಹೇಳಬೇಕೆಂದುಕೊಂಡದ್ದಲ್ಲ.

"ಸ್ವಚ್ಛತೆ ವಿಷಯ ಬಂದ್ರೆ ನನಗೆ ತಂಗಿ ಮಗ, ಅಣ್ಣನ ಮಗ ಅಂತ ಯಾರೂ ಇಲ್ಲ."

ಚಪ್ಪಾಳೆ ಬಿತ್ತು. ಇಷ್ಟು ಹೊಗಳಿಕೆಗಾಗಿ ಒಬ್ಬ ಮನುಷ್ಯನನ್ನು ಮಾರಿಬಿಟ್ಟರಲ್ಲ ಎಂದು ಬೈಯುವುದು ಸುಲಭ, ಬೈಯಲೇಬೇಕು ಕೂಡ. ಆದರೆ ದೊಡ್ಡಮ್ಮ ಕೆಟ್ಟವರಾಗಿ ಅದನ್ನು ಹೇಳಲಿಲ್ಲ. ಹೊಗಳಿಸಿಕೊಂಡು ಅಭ್ಯಾಸವಿಲ್ಲದ ಹೊಟ್ಟೆ ಅವರದು, ಸಿಕ್ಕಿದ ಕೂಡಲೇ ನುಂಗಿಬಿಟ್ಟಿತು. ಪಂಪಿನವನನ್ನು ತಿಂಗಳ ಕೊನೆಗೆ ಬಿಡಿಸುವುದೆಂದು ತೀರ್ಮಾನವಾಯಿತು. ಅಧ್ಯಕ್ಷೆಗೆ ಒಂದು ಅಭಿನಂದನೆಯನ್ನೂ ಸೂಚಿಸಿ ಸಭೆ ಮುಗಿಸಿದರು.

ಬೇರೆಯವನಾಗಿದ್ದರೆ ಅಂದೇ ಗಂಟು ಮೂಟೆ ಕಟ್ಟುತ್ತಿದ್ದ. ಇವನು ಉಳಿದ ದಿನಗಳಲ್ಲಿ ತೊಟ್ಟಿ ಬರಿದು ಮಾಡಿ, ಮರಳು, ಇದ್ದಿಲು ಬದಲಾಯಿಸಿ, ಪಕ್ಕದ ಬೀದಿಯ ಇನ್ನೊಂದು ಘಟಕದಿಂದ ಟ್ಯಾಂಕರಿನಲ್ಲಿ ಜೀವವಿದ್ದ ಕೆಸರು ತಂದು ತುಂಬಿಸಿದ. ಆ ದಿನಗಳಲ್ಲಿ ಮಧ್ಯಾಹ್ನದ ನಿದ್ದೆಯನ್ನೂ ಬಿಟ್ಟಿದ್ದ. ಹೊಸ ನೀರಿಗೆ ಕಂದು ಬಣ್ಣ ಹತ್ತತೊಡಗಿದಾಗ ಫ್ಲಶ್ಶಿನ ವಾಸನೆ ನಿಧಾನವಾಗಿ ಇಳಿಯಿತು. ಕಟ್ಟಡದವರು ಪಂಪಿನವನು ಬಿಟ್ಟುಹೋಗುವ ಸುದ್ದಿಯಿಂದಲೇ ಗಾಳಿ ಶುದ್ಧವಾಯಿತು ಎಂದು ಮಾತಾಡಿಕೊಂಡರು.

ಹೊರಡುವ ದಿನ ಅವನು ಹೆಂಡತಿ, ಮಗಳನ್ನು ಕರೆದುಕೊಂಡು ದೊಡ್ಡಮ್ಮನ ಮನೆಗೆ ಹೇಳಿಹೋಗಲು ಬಂದ. ಸಾಮಾನು ತುಂಬಿದ ಟೆಂಪೋ ಕೆಳಗೆ ನಿಂತಿತ್ತು. ಯಜಮಾನರು ಒಳಗೆ ಪೇಪರ್ ಹಿಡಿದು ಕೂತಿದ್ದರು. ದೊಡ್ಡಮ್ಮ ಬಾಗಿಲಲ್ಲೇ ನಿಂತು ಮಗುವಿನ ಕೆನ್ನೆ ಸವರಿದರು. ಅಷ್ಟು ದಿನದಲ್ಲಿ ಕೈ ತೊಳೆಸದೆ ಅದನ್ನು ಮುಟ್ಟಿದ್ದು ಅದೇ ಮೊದಲು.

"ಸದ್ಯಕ್ಕೆ ಅಮ್ಮನ ಮನೇಲಿ ಇರ್ತೀವಿ ದೊಡ್ಡಮ್ಮ. ಗಾಳಿ ಊದೋ ಮೆಷೀನು ಕೆಟ್ಟಿತ್ತು, ಅದಕ್ಕೇ ಕೆಲಸ ಹೋಯ್ತು ಅಂತ ಅಮ್ಮಂಗೆ ಹೇಳಿದ್ದೀನಿ. ಕೇಳಿದ್ರೆ ನೀವೂ ಹಂಗೇ ಹೇಳಿ."

ದೊಡ್ಡಮ್ಮ ತಲೆಯಾಡಿಸಿದರು.

"ಇನ್ನೊಂದು. ಈಗ ತೊಟ್ಟೀಲಿರೋವು ಇನ್ನೂ ಎಳೇವು. ಈ ಸಲ ಏನೂ ಹಾಕ್ಬೇಡಿ."

ಇಷ್ಟು ಹೇಳಿ ಅವನು ಲಿಫ್ಟಿನ ಗುಂಡಿ ಒತ್ತಿ ನಿಂತ. ಲಿಫ್ಟು ಯಾವುದೋ ಮಹಡಿಯಲ್ಲಿ ಸಿಕ್ಕಿಕೊಂಡಿತ್ತು. ದೊಡ್ಡಮ್ಮನ ತುಟಿ ಒಂದೆರಡು ಸಲ ಅಲುಗಿತು. ಕಾರ್ಯದರ್ಶಿಯ ಮನೆ ಮೇಲಿನ ಮಹಡಿಯಲ್ಲೇ ಇತ್ತು, ಒಂದು ಸಲ ಮೆಟ್ಟಿಲು ಹತ್ತಿ ಬಾಗಿಲು ಬಡಿದಿದ್ದರೆ ಸಾಕಿತ್ತು. ಒಳಗಿನಿಂದ ಯಜಮಾನರು ಪೇಪರ್ ಕೆಳಗಿಳಿಸದೆ, "ಲಿಫ್ಟ್ ಇನ್ನೂ ಬಂದಿಲ್ಲ" ಎಂದರು.

ಲಿಫ್ಟು ಬಂತು. ಅವರು ಮೂವರೂ ಹತ್ತಿದರು. ಬಾಗಿಲು ಮುಚ್ಚಿಕೊಂಡು ಲಿಫ್ಟು ಇಳಿಯುವ ಸದ್ದು ನಿಂತ ಮೇಲೂ ದೊಡ್ಡಮ್ಮ ಅಲ್ಲೇ ಇದ್ದರು. ಆಮೇಲೆ ಒಳಗೆ ಬಂದು ಬಾಗಿಲಿಗೆ ಚಿಲಕ ಹಾಕಿ, ಕುರ್ಚಿಯ ತುದಿಯಲ್ಲಿ ಕೂತರು.

"ಕೆಲಸ ಬಲ್ಲವನು. ಎಲ್ಲಾದ್ರೂ ಸಿಗುತ್ತೆ ಬಿಡ್ರೀ ಅವನಿಗೆ."

ಯಜಮಾನರು ಪೇಪರ್ ಮಡಚಿಟ್ಟು ಹೆಂಡತಿಯ ಮುಖ ನೋಡಿದರು.

"ಸಿಗುತ್ತೆ. ಅಲ್ಲಿ ದೊಡ್ಡಮ್ಮ ಇಲ್ಲದಿದ್ದರೆ ಸಾಕು."